ಒದೆಯದ ಕೋವಿ

೧೪ ನವೆಂಬರ್ ೧೯೫೪, ಭಾನುವಾರ

ಸಂಜೆ ಏಳು ಗಂಟೆ. ಮೈಸೂರು ಪ್ಯಾಸೆಂಜರನ್ನು ಕಳಿಸಿ, ದೀಪ ಸ್ಟೇಷನ್ನಿನಲ್ಲಿಟ್ಟು ಮನೆಗೆ ಬಂದೆ. ಬೆಳಿಗ್ಗೆ ಪಾಳಿಗೆ ಮೊದಲು ಕೆರೆಗೆ ಹೋಗಿದ್ದೆವು. ಕೆಂಗೇರಿ ಕೆರೆಗೆ ಈ ವರ್ಷದ ಬಾತುಗಳು ಬಂದಿವೆ.

ನಾನು ಹೋಗಬೇಕೆಂದಿರಲಿಲ್ಲ. ಮುನಿತಾಯಿ ತೀರಿಕೊಂಡ ಮೇಲೆ ಆ ಕಡೆಗೇ ಹೋಗಿರಲಿಲ್ಲ. ಅವಳ ತಮ್ಮ ಮುನಿರಾಜು ಬಿಡಲಿಲ್ಲ. ನಮ್ಮ ಮದುವೆಯಾದಾಗ ಅವನು ತಾಯಿಯಿಲ್ಲದ ಸಣ್ಣ ಹುಡುಗ. ಮಡಿಲಕ್ಕಿಯ ಜೊತೆಗೆ ಅವನನ್ನೂ ಕಳಿಸಿಕೊಟ್ಟರು. ನಮಗೆ ಮಕ್ಕಳಾಗಲಿಲ್ಲ, ಅವನೊಬ್ಬ ಮನೆ ತುಂಬ ಬೆಳೆದ. ಈಗ ರಾಜಾಜಿನಗರದ ಹೊಸ ಲೇಔಟಿನಾಚೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು ಶನಿವಾರ ಸಂಜೆಯ ಗಾಡಿಗೆ ಬರುತ್ತಾನೆ.

ನಮ್ಮ ಬೇಟೆ ಇಬ್ಬರ ಬೇಟೆ. ವಾರ ಮೊದಲೇ ಖಾಲಿ ಮಡಕೆಗಳನ್ನು ಬೋರಲು ಮಾಡಿ ಕೆರೆಯಲ್ಲಿ ತೇಲಿಬಿಡುತ್ತೇವೆ. ಬಾತುಗಳಿಗೆ ಅವು ಅಭ್ಯಾಸವಾಗುತ್ತವೆ. ಆಮೇಲೆ ನಾನು ಕಣ್ಣಿಗೆ ತೂತು ಮಾಡಿದ ಮಡಕೆಯನ್ನು ತಲೆಗೆ ಹಾಕಿಕೊಂಡು, ಕುತ್ತಿಗೆಯವರೆಗೆ ನೀರಿನಲ್ಲಿ, ಹಿಂಡನ್ನು ಮೆಲ್ಲಗೆ ಏರಿಯ ಕಡೆ ದೂಡುತ್ತೇನೆ. ಅವನು ಏರಿಯ ಮೇಲೆ ಕೇಪಿನ ಕೋವಿ ಹಿಡಿದು ಮಲಗಿರುತ್ತಾನೆ. ಬಾತು ಎದ್ದಾಗ ಒಂದೇ ಈಡು. ಮತ್ತೆ ಮದ್ದು ಗಿಡಿದು ತುಂಬುವಷ್ಟರಲ್ಲಿ ಹಿಂಡು ಬಿಡದಿ ಮುಟ್ಟಿರುತ್ತದೆ.

"ಭಾವ, ನಿಮ್ಮ ತಲೆಗೂ ಮಡಕೆಗೂ ನಂಗೇ ವ್ಯತ್ಯಾಸ ಗೊತ್ತಾಗಲ್ಲ, ಬಾತುಗಳಿಗೆ ಏನು ಗೊತ್ತಾದೀತು," ಎಂದು ಇವತ್ತೂ ಅಂದ. ಅವಳಿದ್ದಾಗಲೂ ಹೀಗೇ ಅನ್ನುತ್ತಿದ್ದ.

ಈಡು ಕೇಳಿಸಿತು. ಒಂದೂ ಬೀಳಲಿಲ್ಲ. ಮಡಕೆ ತೆಗೆದು ನೋಡಿದರೆ ಅವನು ಬಲಭುಜ ಹಿಡಿದುಕೊಂಡು ಕೂತಿದ್ದ. ಕೋವಿ ಕೆಸರಿನಲ್ಲಿ ಬಿದ್ದಿತ್ತು. ಅಂಗಿ ಬಿಚ್ಚಿಸಿದೆ. ಭುಜದ ಕೆಳಗೆ ನಿಂಬೆಹಣ್ಣಿನಷ್ಟು ಊತ, ಕಲ್ಲಿನ ಹಾಗಿದೆ.

"ಹೋದ ವರ್ಷ ಒದ್ದಿದ್ದು. ಇನ್ನೂ ಇಳಿದಿಲ್ಲ," ಎಂದ.

ಆ ಕೋವಿಯ ಒದೆತವೇ ಇದಕ್ಕೆ ಕಾರಣ. ಕತ್ತೆಯ ಹಾಗೆ ಒದೆಯುತ್ತದೆ. ಒದೆಯದ ಕೋವಿ ಕೊಡಿಸಿದರೆ ಊತ ಇಳಿಯುತ್ತದೆ. ಯುಗಾದಿಯ ಹೊತ್ತಿಗೆ ಬಾತುಗಳು ಹೊರಟುಹೋಗುತ್ತವೆ. ಅಷ್ಟರೊಳಗೆ ಅವನು ಮತ್ತೆ ಏರಿಯ ಮೇಲೆ ಮಲಗಿ ಹೊಡೆಯಬೇಕು. ಮುನಿತಾಯಿಯ ಎಮ್ಮೆಗಳನ್ನು ಮಾರಿದ ಹಣ ಹಾಗೇ ಇದೆ.

ನಾಳೆ ಬೆಳಗಿನ ಪಾಳಿ.


೨೧ ನವೆಂಬರ್, ಭಾನುವಾರ

ರಾತ್ರಿ ಎಂಟು. ಬೆಂಗಳೂರಿನ ದಂಡಿಗೆ, ಕಂಟೋನ್ಮೆಂಟಿಗೆ, ಹೋಗಿ ಬಂದೆವು. ಮುನಿರಾಜುವಿನ ಕಾರ್ಖಾನೆಯವರೊಬ್ಬರು ಸುಲೇಮಾನ್ ಸಾಹೇಬರ ಅಂಗಡಿ ಹೇಳಿದ್ದರು. ಶುಕ್ರವಾರ ಮುಚ್ಚಿ ಭಾನುವಾರ ತೆಗೆದಿರುತ್ತದೆ. ಗೋಡೆಯ ತುಂಬ ಕೋವಿಗಳು, ಎಣ್ಣೆಯ ವಾಸನೆ. ಸಾಹೇಬರಿಗೆ ಮುಪ್ಪು ಬಂದಿದೆ, ಕಣ್ಣು ಮಾತ್ರ ಚುರುಕು.

"ಒದೆಯದ ಕೋವಿ ಬೇಕು," ಎಂದೆ.

"ಅರೆ ಯಜಮಾನ್ರೇ, ಒದೆಯದ ಕೋವಿ, ಬೈಯದ ಹೆಂಡ್ತಿ ಎರಡೂ ದುನಿಯಾದಲ್ಲಿ ಇಲ್ಲ. ನಿಮ್ಮ ಮನೇಲಿ ಬೈಯೋದಿಲ್ವಾ?"

"ಇಲ್ಲ. ಈಗ ಬೈಯೋದಿಲ್ಲ," ಎಂದೆ.

ಮುನಿರಾಜು ಗೋಡೆಯ ಕಡೆ ನೋಡಿದ. ಸಾಹೇಬರಿಗೆ ತಿಳಿಯಿತೆಂದು ಕಾಣುತ್ತದೆ. ಟೀ ತರಿಸಿದರು. ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು.

ಜೋಡಿನಳಿಗೆ ಕೋವಿ ಅಗ್ಗ, ಕೆಡುವುದಿಲ್ಲ, ಆದರೆ ಒದೆತವೆಲ್ಲ ಭುಜಕ್ಕೇ. ಆಟೋಮ್ಯಾಟಿಕ್ ಎಂಬುದೊಂದಿದೆ. ಅದು ಐದು ತೋಟಾ, ಅಂದರೆ ಕಾರ್ಟ್ರಿಜ್, ಹಿಡಿಯುತ್ತದೆ. ಒಂದು ಹಾರಿದ ಕೂಡಲೇ ಆ ಒದೆತದ ಬಲದಿಂದಲೇ ಖಾಲಿ ತೋಟಾ ಉಗುಳಿ, ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೇ ಭುಜಕ್ಕೆ ಬರುವುದು ಕಡಿಮೆ. ಒಂದು ತೊಂದರೆಯೆಂದರೆ ತೋಟಾದ ಕಾಗದ ತೇವಕ್ಕೆ ಉಬ್ಬಿದರೆ ಒಳಗೆ ಸಿಕ್ಕಿಕೊಳ್ಳುತ್ತದೆ. ಕೆರೆಯ ಬೇಟೆಯಲ್ಲಿ ತೋಟಾ ಒಣಗಿರುವಂತೆ ನೋಡಿಕೊಳ್ಳಬೇಕು. ಹೊಸದು ಪರದೇಶದಿಂದ ಬರುವುದು ಕಷ್ಟ. ಬಂದರೂ ನನ್ನಂಥವನ ಕೈಗೆ ಎಟುಕುವುದಿಲ್ಲ.

"ಬಿಳಿ ದೊರೆಗಳು ಒಬ್ಬೊಬ್ಬರೇ ಊರು ಬಿಡ್ತಾ ಇದಾರೆ. ಹಳೇದು ಬರ್ತದೆ. ಸಬರ್ ಮಾಡಿ," ಎಂದರು.

ಬರುವಾಗ ಗಾಡಿಯಲ್ಲಿ ಮುನಿರಾಜು ಎಡಗೈಯಲ್ಲಿ ಕಂಬಿ ಹಿಡಿದು ನಿಂತಿದ್ದ. ಕೂರಲು ಜಾಗವಿತ್ತು. ಕೂತರೆ ಕುಲುಕಾಟಕ್ಕೆ ನೋಯುತ್ತದೆಯಂತೆ.


೫ ಡಿಸೆಂಬರ್, ಭಾನುವಾರ

ಸಂಜೆ ಆರು. ಇವತ್ತು ಕೊಂಡುಬಿಡುತ್ತಿದ್ದೆ, ಅವನು ಬಿಡಲಿಲ್ಲ.

ಸಾಹೇಬರ ಹತ್ತಿರ ಅಮೆರಿಕದ್ದೊಂದು ಆಟೋಮ್ಯಾಟಿಕ್ ಬಂದಿತ್ತು. ಹಗುರ, ನೀಟಾಗಿದೆ. ಕೋವಿ ಹಗುರವಾದಷ್ಟೂ ಒದೆತ ಜಾಸ್ತಿ ಎಂದು ಸಾಹೇಬರೇ ಹೇಳಿದರು. ಆದರೂ ನಮ್ಮ ಕೇಪಿನ ಕೋವಿಗೆ ಹೋಲಿಸಿದರೆ ಏನೂ ಅಲ್ಲವಂತೆ. ಬೆಲೆಯೂ ಎಮ್ಮೆಯ ಹಣಕ್ಕೆ ಹತ್ತಿರ ಬಂದಿತ್ತು. ಮುನಿರಾಜು ತಾನು ಹಿಡಿಯಲಿಲ್ಲ, ನನ್ನ ಕೈಗೆ ಕೊಡಿಸಿದ. ನಾನು ಎಡಚ, ಎಡಭುಜಕ್ಕೆ ಇಟ್ಟುಕೊಂಡೆ. ಸಾಹೇಬರು ಮರದ ತೋಟಾ ಹಾಕಿ ಪಕ್ಕದ ಹಿಡಿ ಎಳೆದು ಬಿಟ್ಟರು. ಅದು ಬಲಗಡೆಯಿಂದ ಹಾರಿ ನನ್ನ ಮೂಗಿನ ಮುಂದೆಯೇ ಹೋಯಿತು.

"ಬೇಡ ಸಾಹೇಬ್ರೇ. ಮುಖಕ್ಕೆ ಹೊಡೀತದೆ," ಎಂದ ಮುನಿರಾಜು.

"ನಿನ್ನ ಮುಖಕ್ಕೆ ಹೊಡಿಯಲ್ಲ ಕಣೋ. ನೀನು ಬಲಗೈಯೋನು," ಎಂದೆ.

"ಬೇಡ ಅಂದ್ರೆ ಬೇಡ ಭಾವ."

ಸಾಹೇಬರು ನನ್ನನ್ನೂ ಅವನನ್ನೂ ನೋಡಿದರು. ಕೋವಿಯನ್ನು ಗೋಡೆಗೆ ಹಾಕಿದರು. ಆಟೋಮ್ಯಾಟಿಕ್‌ಗಳೆಲ್ಲ ಬಲಕ್ಕೇ ಉಗುಳುತ್ತವಂತೆ.

ಬರುವಾಗ ಮುನಿರಾಜು ಹೇಳಿದ: "ನೀವು ಬಲಭುಜಕ್ಕೆ ಇಡೋದು ಕಲೀಬೇಕು."

"ನಾನ್ಯಾಕೆ?"

"ಅಂಗಡೀಲಿ ಹಿಡಿದು ನೋಡೋರು ಯಾರು? ನನ್ನ ಭುಜ ಈಗ ಆಗಲ್ಲ. ನೀವೇ ತಾನೆ."

ಅದೂ ನ್ಯಾಯವೇ.


೯ ಡಿಸೆಂಬರ್, ಗುರುವಾರ

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಭುಜದ ಫೋಟೋ ತೆಗೆದರು. ಡಾಕ್ಟರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ಮುನಿರಾಜುವಿಗೆ ಅರ್ಥವಾಗುತ್ತದೆ. ಅವನು ನನಗೆ ಕನ್ನಡದಲ್ಲಿ ಹೇಳಲಿಲ್ಲ.

"ಕೋವಿ ಒದ್ದಿದ್ದು ಅಂತ ಹೇಳಿದೆಯೇನೋ?" ಎಂದು ಕೇಳಿದೆ.

"ಹೇಳಿದೆ ಭಾವ."

"ಏನಂದ್ರು?"

"ಒದ್ದಿದ್ದು ಅಲ್ವಂತೆ."

ಡಾಕ್ಟರು ಕೋವಿ ಹಿಡಿದವರಲ್ಲ.


೧೯ ಡಿಸೆಂಬರ್, ಭಾನುವಾರ

ಮಧ್ಯಾಹ್ನ ಎರಡು. ಇವತ್ತು ದಂಡಿಗೆ ಹೋಗಲಿಲ್ಲ, ಅವನಿಗೆ ಸುಸ್ತು. ಹಿತ್ತಿಲಲ್ಲಿ ಹಗ್ಗದ ಮಂಚದ ಮೇಲೆ ಕೂತುಕೊಂಡು ನನಗೆ ಒನಕೆ ಹಿಡಿಸಿ ಅಭ್ಯಾಸ ಮಾಡಿಸಿದ.

"ಕೆನ್ನೆ ಕೆಳಗೆ. ಇನ್ನೂ ಕೆಳಗೆ. ಭುಜಕ್ಕೆ ಒತ್ತಿ ಹಿಡೀರಿ, ಸಡಿಲ ಬಿಟ್ರೇನೇ ಒದೆಯೋದು. ಎಡಗಣ್ಣು ಮುಚ್ಚಿ. ಅದು ಬಲಗಣ್ಣು ಭಾವ."

ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಬೇಲಿಯ ಮೇಲಿನಿಂದ ನೋಡಿ, "ಏನ್ ಹನುಮಣ್ಣ, ಒನಕೇಲಿ ಕಾಗೆ ಹೊಡೀತೀಯಾ? ಭತ್ತ ಕುಟ್ಟೋಕೆ ಬಾ, ಕೂಲಿ ಕೊಡ್ತೀನಿ," ಎಂದರು. ಮುನಿರಾಜು ನಕ್ಕ. ನಗುವಾಗ ಭುಜ ಹಿಡಿದುಕೊಂಡ. ಅವರು ಸೊಪ್ಪಿನ ಸಾರು ಕೊಟ್ಟು ಹೋದರು. ಮುನಿತಾಯಿ ಸತ್ತ ಮೇಲೆ ವಾರಕ್ಕೆ ಎರಡು ಸಲ ಕೊಡುತ್ತಾರೆ. ನಾನು ತಿನ್ನುವುದಿಲ್ಲ. ಇವತ್ತು ಅವನು ಮುಂದೆ ಕೂತಿದ್ದರಿಂದ ತಿಂದೆ.

ಅವನಿಗೆಂದು ನೋಡಿದ್ದ ಬಿಡದಿಯ ಹೆಣ್ಣಿನ ಕಡೆಯವರಿಗೆ ಮದುವೆ ಬೇಡವೆಂದು ಹೇಳಿ ಕಳಿಸಿದ್ದಾನೆ. ಅಕ್ಕನ ವರ್ಷ ಕಳೆಯಲಿ ಅಂತಲೇನೋ ಎಂದು ಕೇಳಿದೆ. ಹೂಂ ಎಂದ.

ಕೋವಿಯ ಲೈಸೆನ್ಸಿಗೆ ಅರ್ಜಿ ಬರೆದೆವು. ನನ್ನ ಹೆಸರಿನಲ್ಲಿ ಬರೆಯಬೇಕೆಂದ. ಕೇಪಿನ ಕೋವಿಯ ಲೈಸೆನ್ಸು ಅವನ ಹೆಸರಿನಲ್ಲೇ ಇದೆಯಲ್ಲ ಎಂದೆ.

"ಅಮಲ್ದಾರ್ರ ಕಚೇರಿಗೆ ನಾನು ಓಡಾಡೋಕೆ ಆಗ್ತದಾ? ನೀವು ರೈಲ್ವೇಲಿರೋರು. ನಿಮ್ಮ ಮೇಲೆ ಯಾರಿಗೂ ಅನುಮಾನ ಬರಲ್ಲ. ಬರೀರಿ."

ಬರೆದೆ. ನಾಳೆ ಕಚೇರಿಗೆ ಕೊಡುವುದು.


೨ ಜನವರಿ ೧೯೫೫, ಭಾನುವಾರ

ರಾತ್ರಿ ಒಂಬತ್ತು. ಕೋವಿ ಸಿಕ್ಕಿತು.

ಬೆಲ್ಜಿಯಂ ದೇಶದ್ದು, ಹಳೆಯದು. ಊರಿಗೆ ಹೊರಟ ಒಬ್ಬ ದೊರೆ ಮಾರಿ ಹೋಗಿದ್ದಾನೆ. ಕೋವಿಯ ಬೆನ್ನು ಗೂನಾಗಿದೆ. ತೂಕ ಹೆಚ್ಚು, ಆದ್ದರಿಂದ ಒದೆತ ಇನ್ನೂ ಕಡಿಮೆ. ಈಡು ಹಾರಿದಾಗ ನಳಿಗೆಯೇ ಹಿಂದಕ್ಕೆ ಸರಿದು ಮುಂದಕ್ಕೆ ಬರುತ್ತದೆ. ಮುಂಭಾಗದ ಮರದ ಒಳಗೆ ಒಂದು ಉಂಗುರವಿದೆ. ಭಾರದ ತೋಟಾಕ್ಕೆ ಒಂದು ರೀತಿ, ಹಗುರದ್ದಕ್ಕೆ ಇನ್ನೊಂದು ರೀತಿ ಇಡಬೇಕು. ತಪ್ಪಿಟ್ಟರೆ ಕುದುರೆಯ ಹಾಗೆ ಒದೆಯುತ್ತದೆ ಎಂದು ಸಾಹೇಬರು ಬಿಚ್ಚಿ ತೋರಿಸಿದರು. ಮುನಿರಾಜು ನನ್ನ ಕೈಯಿಂದ ಮತ್ತೆ ಮತ್ತೆ ಬಿಚ್ಚಿಸಿ ಜೋಡಿಸಿದ. ಫಿಟ್ಟರ್ ಅವನು, ಬಿಚ್ಚಿದ್ದು ನಾನು.

ಬಲಭುಜಕ್ಕೆ ಇಟ್ಟುಕೊಂಡೆ. ಭುಜಕ್ಕೆ ಒತ್ತುವ ಮರದ ಹಿಂಬುಡ ನನಗೆ ಉದ್ದವಾಯಿತು. ದೊರೆ ಎತ್ತರದ ಆಳಿರಬೇಕು.

"ಒಂದು ಇಂಚು ಕುಯ್ದುಬಿಡಿ ಸಾಹೇಬ್ರೇ," ಎಂದ ಮುನಿರಾಜು.

"ಕುಯ್ಯಬೇಡಿ," ಎಂದೆ ನಾನು. "ಇವನು ನನಗಿಂತ ಗೇಣುದ್ದ ಎತ್ತರ. ಇವನಿಗೆ ಸರಿಯಾಗೇ ಇರ್ತದೆ."

"ನೋಯೋ ಭುಜಕ್ಕೆ ಗಿಡ್ಡ ಇದ್ರೆ ವಾಸಿ ಭಾವ."

ಸಾಹೇಬರು ನನ್ನ ತೋಳಿನ ಅಳತೆ ತೆಗೆದುಕೊಂಡರು. ಅವನದು ತೆಗೆದುಕೊಳ್ಳಿ ಎಂದೆ. ಅವನದು ತಮಗೆ ಗೊತ್ತು ಎಂದರು. ಹೇಗೆ ಗೊತ್ತೋ.

ಮುಂಗಡ ಕೊಟ್ಟೆವು. ಲೈಸೆನ್ಸು ಬಂದ ಮೇಲೆ ಕೋವಿ ಒಯ್ಯಬಹುದು. ಸಾಹೇಬರಿಗೆ ನಮ್ಮ ಮಡಕೆಯ ಬೇಟೆಯ ವಿಷಯ ಹೇಳಿದೆ. ಬಹಳ ನಕ್ಕರು. "ಆದರೆ ಇದಕ್ಕೆ ಮಡಕೆ ಬೇಡ, ಜೋಡಿ ಬೇಡ," ಎಂದರು. "ಬೆಳಗಾಗೋವಾಗ ಜೊಂಡಿನಲ್ಲಿ ಕೂತ್ಕೊಳ್ಳಿ, ಬಾತು ತಾವೇ ಮೇಲೆ ಬರ್ತವೆ. ಐದು ಈಡು ಇದೆ. ಇದು ಒಬ್ಬನೇ ಹೋಗೋನ ಕೋವಿ."

"ನಾವು ಇಬ್ಬರು ಹೋಗೋರು," ಎಂದೆ.

ಸಾಹೇಬರು ರಸೀದಿ ಬರೆದುಕೊಟ್ಟರು. ಮುನಿರಾಜು ಹೊರಗೆ ಹೋಗಿ ನಿಂತಿದ್ದ.


೧೩ ಜನವರಿ, ಗುರುವಾರ

ನಾಳೆ ಸಂಕ್ರಾಂತಿ. ಚಿಕ್ಕಲಕ್ಷ್ಮಮ್ಮನ ಮನೆಯಲ್ಲಿ ದನಗಳ ಕೊಂಬಿಗೆ ಬಣ್ಣ ಹಚ್ಚುತ್ತಿದ್ದಾರೆ. ನಮ್ಮ ಕೊಟ್ಟಿಗೆಯಲ್ಲಿ ಸೌದೆ ಇದೆ.

ಮುನಿರಾಜು ಆಸ್ಪತ್ರೆಗೆ ಸೇರಿದ. ಕೈ ತೆಗೆಯುತ್ತಾರಂತೆ, ಭುಜದಿಂದಲೇ. ಮೂಳೆಯೊಳಗೆ ಗಡ್ಡೆ ಬೆಳೆದಿದೆ. ಇದನ್ನು ಅವನು ಡಿಸೆಂಬರಿನಿಂದಲೇ ಬಲ್ಲ. ನನಗೆ ನೆನ್ನೆ ಹೇಳಿದ. ಕೈ ತೆಗೆಯದಿದ್ದರೆ ಎಂದು ಕೇಳಿದೆ. ತಲೆ ಅಲ್ಲಾಡಿಸಿದ.

ಸ್ಟೇಷನ್ ಮಾಸ್ತರು ಗೋಪೀನಾಥರಾಯರ ಹತ್ತಿರ ರಜೆ ಕೇಳಿದೆ. "ಕೈ ಹೋದ್ರೆ ಹೋಗ್ಲಿ ಹನುಮಯ್ಯ. ಜೀವ ಉಳಿದ್ರೆ ಸಾಕು," ಎಂದರು. ಒಳ್ಳೆಯವರು.

ಅವನು ಎಡಭುಜಕ್ಕೆ ಇಟ್ಟು ಹೊಡೆಯಬಹುದು. ನಾನು ಬಲಭುಜ ಕಲಿತಿಲ್ಲವೇ. ಆದರೆ ನಳಿಗೆಯ ಕೆಳಗೆ ಹಿಡಿಯುವುದಕ್ಕೆ ಇನ್ನೊಂದು ಕೈ ಬೇಕು.


೨೦ ಜನವರಿ, ಗುರುವಾರ

ತೆಗೆದರು.

ಎಚ್ಚರವಾದಾಗ ಬೆರಳು ನೋಯುತ್ತಿದೆ ಎಂದ. ಯಾವ ಬೆರಳು ಎಂದು ಕೇಳಿದೆ.


೩೦ ಜನವರಿ, ಭಾನುವಾರ

ಸಂಜೆ ಐದು. ದಂಡಿಗೆ ಒಬ್ಬನೇ ಹೋಗಿದ್ದೆ. ಒಂದು ಕೈಯವರು ಹೊಡೆಯುವ ಕೋವಿ ಇದೆಯೇ ಎಂದು ಸಾಹೇಬರನ್ನು ಕೇಳಿದೆ. ಬೇಕಾದರೆ ಬೆಲ್ಜಿಯಂ ಕೋವಿಯನ್ನು ಬಿಟ್ಟು ಅದರ ಮುಂಗಡಕ್ಕೆ ಅಂಥದನ್ನು ಕೊಡಿ ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ಕೈಗೆ ಪಿಸ್ತೂಲು ಇದೆ ಯಜಮಾನ್ರೇ. ಹಾರೋ ಬಾತಿಗೆ ಪಿಸ್ತೂಲಲ್ಲಿ ಹೊಡೆಯೋಕೆ ಆಗಲ್ಲ."

"ನೆಲಕ್ಕೆ ಕವೆಗೋಲು ನೆಟ್ಟು ನಳಿಗೆ ಅದರ ಮೇಲಿಟ್ರೆ?"

"ಅದು ಆಗಬಹುದು," ಎಂದರು. ಕನ್ನಡಕ ಹಾಕಿಕೊಂಡು, "ಹಾಂ. ಆಗಬಹುದು. ಯಾಕಾಗಲ್ಲ," ಎಂದು ಮತ್ತೆ ಹೇಳಿದರು. ಟೀ ತರಿಸಿದರು.

ದಾರಿಯಲ್ಲೇ ಯೋಚನೆ ಮಾಡಿಕೊಂಡು ಬಂದೆ. ಬಂದ ಕೂಡಲೇ ಜಾಲಿಯ ಕೊಂಬೆ ಕಡಿದು, ಕವೆಗೆ ಚಿಂದಿ ಸುತ್ತಿದೆ. ಕೂತವನ ಎದೆಯ ಮಟ್ಟಕ್ಕೆ ಬರುತ್ತದೆ. ಗಟ್ಟಿಯಾಗಿದೆ.


೧೩ ಫೆಬ್ರವರಿ, ಭಾನುವಾರ

ಹಗಲು ಹನ್ನೊಂದು. ಮುನಿರಾಜು ಮನೆಯಲ್ಲಿದ್ದಾನೆ. ಕಾರ್ಖಾನೆಯ ರೂಮು ಬಿಡಿಸಿ ಪೆಟ್ಟಿಗೆ ತಂದೆ. ಅವನ ಅಕ್ಕ ಮಲಗುತ್ತಿದ್ದ ಮೂಲೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದಾನೆ. ಬೇಡವೆಂದಿದ್ದೆ, ಕೇಳಲಿಲ್ಲ.

ದಫೇದಾರ ಬಂದು ವಿಚಾರಿಸಿ ಹೋಗಿದ್ದ. ಮೊನ್ನೆ ಲೈಸೆನ್ಸು ಬಂತು. ಇವತ್ತು ಕೋವಿ ತಂದೆ. ಮಾಸ್ತರು, ಪೋರ್ಟರು, ಎಲ್ಲರೂ ಸ್ಟೇಷನ್ನಿನಲ್ಲೇ ಬಿಚ್ಚಿ ತೋರಿಸು ಎಂದರು. ಮೊದಲು ಅವನಿಗೆ ತೋರಿಸಬೇಕು ಎಂದು ತೋರಿಸದೆ ಬಂದೆ.

ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಉದ್ದಕ್ಕೂ ಸವರಿದ. ಕುಯ್ದ ಹಿಂಬುಡ ನೋಡಿ ಸರಿಯಾಗಿದೆ ಎಂದ. ಕವೆಗೋಲು ತೋರಿಸಿದೆ.

"ಇದೇನು ಭಾವ, ನಂಗೆ ಊರುಗೋಲಾ? ಕಾಲು ಇನ್ನೂ ಇದೆ."

ಹೇಗೆ ಹೊಡೆಯಬೇಕೆಂದು ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಜಾಲಿ ಒಳ್ಳೇದು, ಮುರಿಯಲ್ಲ," ಎಂದ.

ಕೆಮ್ಮು ಬಂದಿದೆ. ಚಳಿಗೆ ಇರಬೇಕು.


೧೮ ಫೆಬ್ರವರಿ, ಶುಕ್ರವಾರ

ಚಳಿಗೆ ಅಲ್ಲ. ಗಡ್ಡೆ ಶ್ವಾಸಕೋಶಕ್ಕೆ ಹೋಗಿದೆಯಂತೆ. ಈ ಸಲ ಡಾಕ್ಟರು ನನಗೇ ಕನ್ನಡದಲ್ಲಿ ಹೇಳಿದರು. ಮನೆಯಲ್ಲೇ ಇರಲಿ ಎಂದರು.

ಅಡಿಗೆ ಮಾಡುವುದು ಕಲಿಯುತ್ತಿದ್ದೇನೆ. ಮುದ್ದೆ ಗಂಟಾಗುತ್ತದೆ. ಅವನು ತಿಂದರೆ ಎರಡು ತುತ್ತು. ಉಳಿದದ್ದು ನಾನು ತಿನ್ನುತ್ತೇನೆ.


೨೭ ಫೆಬ್ರವರಿ, ಭಾನುವಾರ

ಸಂಜೆ ಆರು. ಬೆಳಿಗ್ಗೆ ಕೆರೆಗೆ ಹೋಗಿ ಬಂದೆವು. ಇದನ್ನು ಸರಿಯಾಗಿ ಬರೆಯಬೇಕು.

ಚಿಕ್ಕಲಕ್ಷ್ಮಮ್ಮನ ಮನೆಯ ಎತ್ತಿನ ಗಾಡಿ ಕೇಳಿ ಪಡೆದೆ. ಹುಲ್ಲು ಹಾಸಿ, ಮೇಲೆ ಎರಡು ಕಂಬಳಿ ಹಾಕಿ ಅವನನ್ನು ಕೂರಿಸಿದೆ. ಹಗುರವಾಗಿದ್ದಾನೆ. ನಾನೇ ಎತ್ತಿ ಇಳಿಸಿದೆ. ಏರಿಯ ಕೆಳಗೆ ಜೊಂಡಿನ ಪಕ್ಕ ಕಲ್ಲಿಗೆ ಒರಗಿಸಿ, ಮುಂದೆ ಕವೆಗೋಲು ನೆಟ್ಟು, ನಳಿಗೆ ಅದರ ಮೇಲಿಟ್ಟೆ. ತೋಟಾಗಳನ್ನು ತಗಡಿನ ಡಬ್ಬಿಯಲ್ಲಿ ಒಣಗಿಸಿ ತಂದಿದ್ದೆ. ಉಂಗುರ ನಾನೇ ಇಟ್ಟಿದ್ದೆ. ನೀರಿಗೆ ಇಳಿಯಲೇ ಎಂದು ಕೇಳಿದೆ. ಬೇಡ, ಇಲ್ಲೇ ಇರಿ ಎಂದ.

ಬೆಳಕಾಗುತ್ತಾ ಬಂತು. ಸೂಜಿಬಾಲದ ಬಾತುಗಳು ಎರಡು ಸಲ ತಲೆಯ ಮೇಲೇ ಹೋದವು. ರೆಕ್ಕೆಯ ಸದ್ದು ಹೊಸ ಬಟ್ಟೆ ಹರಿದ ಹಾಗೆ. ಅವನು ಎಡಭುಜವನ್ನು ಕೋವಿಗೆ ತಾಗಿಸಿದ. ನಳಿಗೆ ಕವೆಯ ಮೇಲೆ ತಿರುಗಿತು, ಮೇಲೆ ಏಳಲಿಲ್ಲ. ಮತ್ತೊಮ್ಮೆ ನೋಡಿದ. ಕೆಮ್ಮು ಬಂತು. ಹಿಂಡು ಎದ್ದು ದೂರ ಸರಿಯಿತು.

"ನೀವು ಹೊಡೀರಿ," ಎಂದ.

"ಇನ್ನೊಂದು ಸಲ ನೋಡೋ. ಈ ಸಲ ನಾನು ಹಿಂದಿನಿಂದ ನಳಿಗೆ ಎತ್ತಿ ಹಿಡೀತೀನಿ."

"ಭಾವ, ಅಳತೆ ಯಾರದ್ದು ಅದು?"

"ಯಾವ ಅಳತೆ?"

"ಹಿಂಬುಡದ್ದು. ನಿಮ್ಮದು ಕಣ್ರೀ. ಮೊದಲಿಂದಲೂ ನಿಮ್ಮದೇ. ಕೇಪಿನ ಕೋವಿಗೆ ಇಬ್ಬರು ಬೇಕು. ಅದನ್ನ ಇಟ್ಕೊಂಡು ನೀವು ಒಬ್ಬರೇ ಏನು ಮಾಡ್ತೀರಿ? ಅಕ್ಕ ಹೋದಾಗ ಎಂಟು ತಿಂಗಳು ಕೆರೆ ಕಡೆ ಬರಲಿಲ್ಲ ನೀವು. ಹೊಡೀರಿ, ಬರ್ತಾ ಇವೆ."

ಜ್ವರವಿತ್ತು ಅವನಿಗೆ. ಬೇಸಿಗೆ ಕಳೆದು ಮೈ ಸುಧಾರಿಸಿದರೆ ಎಡಗೈಯಲ್ಲಿ ಎತ್ತುವುದು ಕಲಿಯಬಹುದು. ಆ ಮಾತು ಅಲ್ಲಿ ಆಡಲಿಲ್ಲ. ಕೋವಿ ತೆಗೆದುಕೊಂಡೆ.

ಮೊದಲ ಈಡು ತಪ್ಪಿತು. ಎರಡನೆಯದೂ ತಪ್ಪಿತು. "ಮುಂದೆ ಹಿಡೀರಿ, ಬಾಲಕ್ಕಲ್ಲ, ಮೂತಿ ಮುಂದೆ," ಎಂದು ಹಿಂದಿನಿಂದ ಕೂಗಿದ. ಮೂರನೆಯದಕ್ಕೆ ಒಂದು ಬಿತ್ತು. ಇಷ್ಟು ವರ್ಷ ಹಾರುವ ಬಾತನ್ನು ನಾನು ಹೊಡೆದವನಲ್ಲ. ನೀರಿಗೆ ಇಳಿದು ಎತ್ತಿಕೊಂಡು ಬಂದೆ. ಕೈಯಲ್ಲಿ ಬಿಸಿಯಾಗಿತ್ತು. ಅವನ ತೊಡೆಯ ಮೇಲಿಟ್ಟೆ. ಕುತ್ತಿಗೆ ಹಿಡಿದು ನೋಡಿ, "ಗಂಡು," ಎಂದ. ಆಮೇಲೆ ಕೇಳಿದ:

"ಒದೀತಾ?"

ಒದ್ದಿತ್ತು. ಹಲ್ಲಿನವರೆಗೂ ಬಂತು. ಉಂಗುರ ತಪ್ಪಿಟ್ಟಿದ್ದೆನೋ, ಕೋವಿಗಳೆಲ್ಲ ಹೀಗೇ ಒದೆಯುತ್ತವೆಯೋ.

"ಇಲ್ಲ," ಎಂದೆ.

"ನಾನು ಹೇಳಲಿಲ್ವಾ," ಎಂದು ಕಣ್ಣು ಮುಚ್ಚಿದ. ಗಾಡಿಯಲ್ಲಿ ಮನೆಯವರೆಗೂ ನಿದ್ದೆ ಮಾಡಿದ.

ಚಿಕ್ಕಲಕ್ಷ್ಮಮ್ಮ ಬಾತಿನ ಸಾರು ಮಾಡಿಕೊಟ್ಟರು. ಅವನು ನಾಲ್ಕು ತುತ್ತು ತಿಂದ. ನನ್ನ ಬಲಭುಜ ಕಪ್ಪಾಗಿದೆ. ಅವನಿಗೆ ಕಾಣದಂತೆ ಅಂಗಿ ಹಾಕಿಕೊಂಡೇ ಇದ್ದೇನೆ.


೭ ಮಾರ್ಚ್, ಸೋಮವಾರ

ಕಪ್ಪು ಹಳದಿಯಾಗಿ ಹೋಯಿತು. ಒದೆತದ ಗಾಯ ವಾರದಲ್ಲಿ ಹೋಗುತ್ತದೆ.


೧೧ ಮಾರ್ಚ್, ಶುಕ್ರವಾರ

ಕೆಮ್ಮಿದರೆ ರಕ್ತ. ಬಾತು ಇನ್ನೂ ಇವೆಯಾ ಎಂದು ಕೇಳಿದ. ಪಾಳಿಯಿಂದ ಬರುತ್ತಾ ಏರಿಯ ಮೇಲೆ ಹೋಗಿ ನೋಡಿ ಬಂದೆ. ಅರ್ಧ ಹೋಗಿವೆ. ಎಲ್ಲ ಇವೆ ಎಂದೆ.


೧೬ ಮಾರ್ಚ್, ಬುಧವಾರ

ಮುನಿರಾಜು ಹೋದ. ಬೆಳಿಗ್ಗೆ, ಆರೂವರೆಯ ಗಾಡಿ ಬಿಟ್ಟು ನಾನು ಬರುವಷ್ಟರಲ್ಲಿ. ಚಿಕ್ಕಲಕ್ಷ್ಮಮ್ಮ ಹತ್ತಿರವಿದ್ದರು.

ಅಕ್ಕನ ಪಕ್ಕದಲ್ಲೇ ಇಟ್ಟೆವು.


೨೫ ಮಾರ್ಚ್, ಶುಕ್ರವಾರ

ಸಂಜೆ ಏಳು ಗಂಟೆ. ಇವತ್ತು ಯುಗಾದಿ. ನಮಗೆ ಸೂತಕ, ತೋರಣ ಕಟ್ಟಲಿಲ್ಲ. ಬೇವುಬೆಲ್ಲ ಯಾರೂ ತಂದುಕೊಡಲಿಲ್ಲ, ಕೊಡುವಂತಿಲ್ಲ. ಬೀದಿಯಲ್ಲಿ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಓಡಾಡಿದರು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗಿದ್ದೆ, ನಿದ್ದೆ ಬರಲಿಲ್ಲ.

ಗೋಪೀನಾಥರಾಯರು ಬೀದಿಯಲ್ಲೇ ನಿಂತು ಕರೆದು ಮಾತಾಡಿಸಿದರು. "ಆ ಕೋವಿ ವಾಪಸು ಕೊಟ್ಟುಬಿಡಪ್ಪಾ ಹನುಮಯ್ಯ. ಒಂಟಿ ಮನೇಲಿ ಯಾಕೆ ಅದು? ಅಥವಾ ಸ್ವಲ್ಪ ದಿನ ನಮ್ಮ ಮನೇಲಿಡು," ಎಂದರು. ಯಾಕೆ ಅಷ್ಟು ಹೆದರಿದ್ದರೋ ತಿಳಿಯಲಿಲ್ಲ. ಸಾಹೇಬರೂ ಹೇಳಿ ಕಳಿಸಿದ್ದಾರಂತೆ, ಬೇಡವಾದರೆ ಕೊಟ್ಟ ಬೆಲೆಗೇ ತೆಗೆದುಕೊಳ್ಳುತ್ತಾರಂತೆ. ಇನ್ನು ಯಾರಿಗೆ ಬೇಕು ಎಂದು ನನಗೂ ಅನ್ನಿಸಿತ್ತು. ಸೋಮವಾರ ಕೊಟ್ಟು ಬರಬಹುದು. ಆದರೆ ನಾಳೆಗೆ ಬೇಕು ಎಂದು ಅವರಿಗೆ ಹೇಳಿದೆ.

"ನಾಳೆಗಾ?"

"ಎಡೆಗೆ," ಎಂದೆ.

ಅವರು ಬ್ರಾಹ್ಮಣರು, ಅವರಿಗೆ ಗೊತ್ತಾಗಲಿಲ್ಲ. ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಮಾಡಿ ಸಮಾಧಿಯ ಮುಂದೆ ಎಲೆಯಲ್ಲಿ ಇಡುವುದು ನಮ್ಮಲ್ಲಿ ಪದ್ಧತಿ ಎಂದು ವಿವರಿಸಿದೆ. ಮುನಿತಾಯಿಗೆ ಹುರಿಗಡಲೆಯ ಉಂಡೆ ಇಟ್ಟಿದ್ದೆವು. ಮಾಸ್ತರು ತಲೆಯಾಡಿಸಿ, "ನಾಳೆ ನಿನಗೆ ಪಾಳಿ ಬೇಡ, ನಾನು ನೋಡ್ಕೋತೀನಿ," ಎಂದರು.

ಬಿಸಿಲು ಇಳಿದ ಮೇಲೆ ಕೆರೆಗೆ ಹೋಗಿದ್ದೆ. ನೀರು ತಗ್ಗಿದೆ. ನಡುವೆಲ್ಲ ಖಾಲಿ. ಪಡುಗಡೆಯ ಜೊಂಡಿನಲ್ಲಿ ಮಾತ್ರ ಸಣ್ಣದೊಂದು ಗುಂಪು ಉಳಿದಿದೆ. ಇವತ್ತು ರಾತ್ರಿ ಹೋದರೂ ಹೋದಾವು. ಗಾಳಿ ಮೂಡಲಿಂದ ಬೀಸುತ್ತಿದೆ. ಹೀಗೇ ಬೀಸಿದರೆ ಏಳುವಾಗ ಏರಿಯ ಕಡೆಗೇ ಎದ್ದು ಬರಬೇಕು. ಎಲ್ಲಿ ಕೂರಬೇಕೆಂದು ನೋಡಿಕೊಂಡು ಬಂದೆ. ಬಂದು ಕೋವಿ ಬಿಚ್ಚಿ ಒರೆಸಿದೆ. ಉಂಗುರ ತೆಗೆದು, ನೋಡಿ, ತಿರುಗಿಸಿ ಇಟ್ಟೆ. ಹೋದ ಸಲ ತಪ್ಪೇ ಇಟ್ಟಿದ್ದೆ. ತೋಟಾ ಡಬ್ಬಿಯನ್ನು ಒಲೆಯ ಹತ್ತಿರ, ತೀರ ಹತ್ತಿರವಲ್ಲದ ಹಾಗೆ ಇಟ್ಟಿದ್ದೇನೆ.

ಚಿಕ್ಕಲಕ್ಷ್ಮಮ್ಮ ಬೇಲಿಯಿಂದ ಕೇಳಿದರು: "ಸಿಗದಿದ್ರೆ ನಮ್ಮ ಹುಂಜ ಇದೆ ಹನುಮಣ್ಣ. ನಾಳೆ ಹೆಂಗೂ ಊರಲ್ಲೆಲ್ಲ ಬಾಡು ಬೇಯ್ತದೆ."

ಹುಂಜ ಅವನಿಗೆ ಸೇರುತ್ತಿರಲಿಲ್ಲ ಎಂದೆ. ಮಸಾಲೆ ಅರೆದಿಡುತ್ತೇನೆ ಎಂದರು.

ನಾಳೆ ಹೊಸತೊಡಕು. ಅವನ ಹನ್ನೊಂದನೆಯ ದಿನವೂ ನಾಳೆಯೇ. ಎಡೆಗೆ ಬಾತು ಬೇಕು.